ಬೇತ್ ಅಂದ್ರೆ ಮನೆ

...ಅಲ್ಲ ಅಲ್ಲ, 'ಸಹಾಯ ಮಾಡಿದರು' ಅಂತ ಬರೀಬೇಡ ಬಸವಕುಮಾರ್! ಸಹಾಯ ಅನ್ನೋದು ಏರ್‌ಪೋರ್ಟಿಗೆ ಡ್ರಾಪ್ ಮಾಡೋದಕ್ಕೆ ಹೇಳೋ ಮಾತು. 'ಹೆಗಲು ಕೊಟ್ಟರು' ಅಂತ ಬರ್ಕೋ. ಹಾಂ, ಹಾಗೆ. 'ಕೋವಿಡ್ ಕಾಲದಲ್ಲಿ, ಹತ್ತಿರದವರೇ ಹತ್ತಿರ ಬರದಿದ್ದಾಗ, ನಮ್ಮ ರಾಕ್‌ವಿಲ್‌ನ ಗೋಪಿನಾಥ ಅಂಕಲ್ ಮೂವತ್ತೊಂದು ಜನಕ್ಕೆ ಹೆಗಲು ಕೊಟ್ಟರು.' ಮೂವತ್ತೊಂದು ಕಣೋ, ಮೂವತ್ತಲ್ಲ. ಮೂವತ್ತು ಅಂದ್ರೆ ಅಂದಾಜಲ್ಲಿ ಹೊಡೀತಿದ್ದಾನೆ ಅಂದ್ಕೋತಾರೆ ಜನ. ಒಂದು ಸೇರಿಸಿದ್ರೆ ನಂಬ್ತಾರೆ.

ಯಾಕೆ, ಪೆನ್ ಯಾಕೆ ಕೆಳಗಿಟ್ಟೆ? ಬೇಸ್‌ಮೆಂಟ್ ಚಳಿ ಆಯ್ತಾ? ಕಾತ್ಯಾಯಿನೀ... ಕಾಫಿ ಕಳಿಸೇ! ಬಸವಂಗೆ ಸಕ್ಕರೆ ಕಮ್ಮಿ! ಕೇಳಿಸ್ತೋ ಇಲ್ವೋ. ನಮ್ಮನೆ ಯಜಮಾನಿಗೆ ನಾನು ಕರೆಯೋದು ಮಾತ್ರ ಕೇಳ್ಸಲ್ಲ, ನಾನು ಫೋನಲ್ಲಿ ಆಡೋದೆಲ್ಲ ಕೇಳಿಸುತ್ತೆ.

ನೋಡು, ಶನಿವಾರ ಯುಗಾದಿ ಪ್ರೋಗ್ರಾಮ್. ಆರುನೂರು ಜನ ಬರ್ತಾರೆ. ನಮ್ಮ ಕನ್ನಡ ಬಳಗದವರು ನನಗೆ 'ಸೇವಾರತ್ನ' ಕೊಡ್ತಾರೆ, ಶಾಲು ಹೊದಿಸ್ತಾರೆ, ಅದೆಲ್ಲ ಇದ್ದಿದ್ದೇ. ಆದ್ರೆ ಪರಿಚಯ ಭಾಷಣ ಯಾರು ಮಾಡ್ಬೇಕು ಅಂತ ಕೇಳಿದಾಗ ನಾನೇ ಅಂದೆ, ಬಸವಕುಮಾರ್ ಮಾಡ್ಲಿ ಅಂತ. ಹೆಣ ಎತ್ತಿಸಿದವನನ್ನ ಹೊಗಳೋಕೆ ಹೆಣದ ಮನೆಯವನೇ ಆಗ್ಬೇಕು. ಹ್ಹ! ತಮಾಷೆಗಂದೆ ಕಣಪ್ಪ. ಮುಖ ಯಾಕೆ ಹಾಗೆ ಮಾಡ್ತೀಯ? ಮೂರು ವರ್ಷ ಆಯ್ತಲ್ಲೋ ನಿಮ್ಮಮ್ಮ ಶಾಂತವ್ವ ಹೋಗಿ.

ಸರಿ, ಈಗ ನಿಮ್ಮಮ್ಮನ ವಿಷಯ. ಇದು ಭಾಷಣದ ಹೃದಯ. ಇಲ್ಲಿ ನಿನ್ನ ಗಂಟಲು ಸ್ವಲ್ಪ ಕಟ್ಬೇಕು, ತೀರಾ ಅಳೋದು ಬೇಡ. ಬರ್ಕೋ. 'ಎರಡು ಸಾವಿರದ ಇಪ್ಪತ್ತೊಂದು, ಜನವರಿ. ನಾನು ವೆಂಟಿಲೇಟರ್ ಮೇಲೆ. ನನ್ನ ಹೆಂಡತಿ ಸಿದ್ದೇಶ್ವರಿ ತಂದೆಯನ್ನ ನೋಡೋಕೆ ಕಲಬುರ್ಗಿಗೆ ಹೋದವಳು ವೀಸಾ ಸ್ಟ್ಯಾಂಪಿಂಗ್ ಇಲ್ಲದೆ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಇಲ್ಲಿ ನಮ್ಮನ್ನ ನೋಡೋಕೆ ಬಂದ ಅಮ್ಮ ಅದೇ ಆಸ್ಪತ್ರೆಯಲ್ಲಿ, ನನ್ನಿಂದ ಎರಡು ಮಹಡಿ ಕೆಳಗೆ, ಮಂಗಳವಾರ ತೀರಿಹೋದಳು. ನನಗೆ ಗೊತ್ತೇ ಇಲ್ಲ.' ಇಲ್ಲಿ ಒಂದು ನಿಮಿಷ ನಿಲ್ಸು. ಆಮೇಲೆ, 'ಆಗ ಗೋಪಿನಾಥ ಅಂಕಲ್ ಫಾರ್ಮ್ ಮೇಲೆ ಸಹಿ ಹಾಕಿದರು. ಸಂಬಂಧ ಅನ್ನೋ ಕಡೆ ಏನು ಬರೆದರು ಗೊತ್ತೇ? ತಮ್ಮ! ಮೃತರ ತಮ್ಮ ಅಂತ ಬರೆದರು!' ...ಚಪ್ಪಾಳೆ ಬಿದ್ದೇ ಬೀಳುತ್ತೆ. ನಾನೇ ಹೇಳ್ಕೊಂಡ್ರೆ ಚೆನ್ನಾಗಿರಲ್ಲ, ನೀನು ಹೇಳ್ಬೇಕು. ಮೈಸೂರು ಅಗ್ರಹಾರದವನು, ಕಲಬುರ್ಗಿಯ ಹೆಣ್ಣುಮಗಳಿಗೆ ತಮ್ಮ ಆದ. ಸುಮ್ನೇನಾ?

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ದಹನ. ಸಂಕ್ರಾಂತಿ ದಿನ! ಉತ್ತರಾಯಣ ಪುಣ್ಯಕಾಲ! ಅಂಥ ದಿನಕ್ಕೆ ಜನ ತಪಸ್ಸು ಮಾಡ್ತಾರೆ, ನಿಮ್ಮಮ್ಮಂಗೆ ಕೇಳದೇ ಸಿಕ್ತು. ಝೂಮಲ್ಲಿ ಭಟ್ಟರು, ಮಂತ್ರ ಎಲ್ಲ ಆಯ್ತು. ಬೂದಿನ ನಾನೇ ಪೊಟೊಮ್ಯಾಕ್ ನದಿಗೆ ಬಿಟ್ಟೆ. ಬೆರಳು ಮರಗಟ್ಟಿ ಹೋಗಿತ್ತು ಕಣೋ.

ಏನಂದೆ? 'ಗೊತ್ತಿತ್ತಾ' ಅಂತಾನಾ? ಏನು ಗೊತ್ತಿತ್ತಾ?

...ಓ. ನೀವು ಹೂಳೋರು ಅಂತ.

ನೋಡಪ್ಪಾ, ಈ ಮಾತು ಆಗಲೇ ಆಗಿದೆ. ನೀನು ಆಸ್ಪತ್ರೆಯಿಂದ ಬಂದಾಗಲೇ ಹೇಳಿದೀನಿ. ಗೊತ್ತಿರಲಿಲ್ಲ. ಆಸ್ಪತ್ರೆ ಫಾರ್ಮಲ್ಲಿ 'ಹಿಂದೂ' ಅಂತಿತ್ತು. ಹಿಂದೂ ಅಂದ್ರೆ ಸುಡೋದು. ಇಲ್ಲಿ ಯಾವ ಫ್ಯೂನರಲ್ ಹೋಮ್‌ನವನನ್ನ ಬೇಕಾದ್ರೂ ಕೇಳು, ಅವನೂ ಅದೇ ಹೇಳ್ತಾನೆ. ಲಿಂಗಾಯತರಲ್ಲಿ ಮಣ್ಣಿಗೆ ಕೊಡ್ತಾರೆ, ಕೂರಿಸಿ ಕೊಡ್ತಾರೆ, ವಿಭೂತಿ ಹಾಕ್ತಾರೆ... ಅದೆಲ್ಲ ನನಗೆ ಆಮೇಲೆ ನೀನು ಹೇಳಿದ ಮೇಲೆ ಗೊತ್ತಾಗಿದ್ದು. ಕೊರಳಲ್ಲಿ ಲಿಂಗ ಇತ್ತಲ್ಲ ಅಂತೀಯಾ? ಇತ್ತು. ಆಸ್ಪತ್ರೆಯವರು ಚೀಲದಲ್ಲಿ ಹಾಕಿ ಕೊಟ್ರು, ಭದ್ರವಾಗಿ ನಿನಗೇ ತಲುಪಿಸಿದೆ. ಕೊರಳಲ್ಲಿ ಎಷ್ಟೋ ಜನ ಏನೇನೋ ಹಾಕ್ಕೋತಾರಪ್ಪ. ಅದನ್ನ ನೋಡಿ ಸುಡ್ಬೇಕೋ ಹೂಳ್ಬೇಕೋ ಅಂತ ಹೇಗೆ ಹೇಳ್ಲಿ?

ಇದೇನು, ಫೋನ್ ಯಾಕೆ ತಳ್ತೀಯ ನನ್ ಕಡೆ? ಫೋಟೋನಾ? ಕನ್ನಡಕ... ತಡಿ. ಹಾಂ. ಹುಲ್ಲು... ಹುಲ್ಲಲ್ಲಿ ಒಂದು ಚಪ್ಪಟೆ ಕಲ್ಲು. ಕಲ್ಲಿನ ಮೇಲೆ ಒಂದೇ ಪದ. ಹೆಸರಿಲ್ಲ, ತಾರೀಖಿಲ್ಲ. ಹೀಬ್ರೂ ಅಲ್ವಾ ಇದು? ಕೊಡಿಲ್ಲಿ, ಇದು ನನಗೆ ಗೊತ್ತು! ಮೂವತ್ತೆರಡು ವರ್ಷ ಆ ಯಹೂದಿ ಜನದ ಜೊತೆ ಒಂದೇ ಆಫೀಸಲ್ಲಿ ಕೂತಿದೀನಿ. ಬಲದಿಂದ ಎಡಕ್ಕೆ ಓದ್ಬೇಕು. ಬೇತ್! ಬೇತ್ ಅಂದ್ರೆ ಮನೆ. ಅಕ್ಷರದ ಹೆಸರೂ ಅದೇ, ಅವರ ವೇದ ಶುರುವಾಗೋದೇ ಆ ಅಕ್ಷರದಿಂದ. ಅವರ ಪ್ರಾರ್ಥನೆ ಪುಸ್ತಕ ಯಾವುದು ತೆಗೆದ್ರೂ ಪುಟಕ್ಕೆ ಎರಡು ಸಲ ಸಿಗುತ್ತೆ, ದೇವರ ಮನೆ, ಓದೋ ಮನೆ ಅಂತ. ಅಷ್ಟ್ಯಾಕೆ, ನೀನು ದಿನಾ ಆಫೀಸಿಗೆ ಹೋಗ್ತೀಯಲ್ಲ, ಬೆಥೆಸ್ಡಾ! ಏನರ್ಥ ಹೇಳು? ದಯೆಯ ಮನೆ! ಇಪ್ಪತ್ತು ವರ್ಷದಿಂದ ಆ ಎಕ್ಸಿಟ್ ತಗೋತಿದ್ದೀಯ, ಗೊತ್ತಿಲ್ಲ. ಬೆತೆಲ್, ದೇವರ ಮನೆ. ಕ್ಯಾರೊಲೈನಾ ಕಡೆ ಹೋದ್ರೆ ಮೈಲಿಗೊಂದು ಬೆತೆಲ್ ಇದೆ. ಬೆತ್ಲೆಹೆಮ್, ರೊಟ್ಟಿ ಮನೆ. ನಿಮ್ಮ ಕಡೆ ಇದ್ದಿದ್ರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮನೆ ಅಂತಿದ್ರು. ಹ್ಹ!

ಯಾಕೆ ನಗ್ತೀಯ? ಇಲ್ಲ, ಅದು ನಗು ಅಲ್ಲ. ಏನದು, ತುಟಿ ಹಾಗೆ... ಓಹೋ. ಅರ್ಥ ಆಯ್ತು ಬಿಡು. ಹೀಬ್ರೂ ಇಷ್ಟು ಗೊತ್ತಿರೋ ಮುದುಕನಿಗೆ, ತನ್ನ ನಾಡಿನವರೇ ಹೆಣ ಏನು ಮಾಡ್ತಾರೆ ಅಂತ ಗೊತ್ತಿಲ್ವಾ ಅಂತ ತಾನೇ? ಗೊತ್ತಿಲ್ಲಪ್ಪ. ಮನುಷ್ಯನಿಗೆ ಎಲ್ಲಾ ಗೊತ್ತಿರುತ್ತಾ?

ಎಲ್ಲಿದು ಕಲ್ಲು? ...ಕೆಳಗೆ ಓದ್ಬೇಕಾ? ಇಮೇಲ್. ಯಾರದು... ಲೆವಿನ್ ಮಗಳದ್ದು. ನಿಮ್ಮ ಪಕ್ಕದ ಮನೆ ಮುದುಕ ಲೆವಿನ್? ಹೋದ ತಿಂಗಳು ಹೋದನಲ್ಲ, ಪಾಪ. ನೀನು ಮಣ್ಣಿಗೆ ಹೋಗಿದ್ದೆ ಅಂತ ಕೇಳ್ದೆ. ಓದ್ತೀನಿ, ಓದ್ತೀನಿ. ಇಂಗ್ಲಿಷಲ್ಲಿದೆ, ಕನ್ನಡದಲ್ಲೇ ಹೇಳ್ತೀನಿ, ಕಾತ್ಯಾಯಿನಿಗೂ ಕೇಳಿಸ್ಲಿ... ಬಾ, ಕಾಫಿ ಅಲ್ಲಿಡು. ನಿಂತ್ಕೋತೀಯಾ? ನಿಂತ್ಕೋ.

'ಪ್ರಿಯ ಬಸವ, ಅಪ್ಪನನ್ನ ಅಮ್ಮನ ಪಕ್ಕದಲ್ಲಿ ಯಾಕೆ ಹೂಳಲಿಲ್ಲ, ಮೂರು ಸಾಲು ಆಚೆ ಯಾಕೆ ಅಂತ ಅವತ್ತು ನೀವು ಕೇಳಿದಿರಿ. ನಾನು ಉತ್ತರ ಕೊಡಲಿಲ್ಲ. ನನ್ನ ಅಮ್ಮ ನಮ್ಮ ಮತದವಳಲ್ಲ, ಹಾಗಾಗಿ ಹೊರಗಿನವರಿಗೆ ಅಂತ ಬಿಟ್ಟಿರುವ ಬೇಲಿ ಪಕ್ಕದ ಪಟ್ಟಿಯಲ್ಲಿದ್ದಾಳೆ. ಅವಳ ಪಕ್ಕದ ಜಾಗ ಅಪ್ಪ ತನಗೆ ಅಂತ ಇಟ್ಟುಕೊಂಡಿದ್ದರು. ಆ ಜನವರಿಯಲ್ಲಿ ನಿಮ್ಮ ಹೆಂಡತಿ ಇಂಡಿಯಾದಿಂದ ಅಪ್ಪನಿಗೆ ಫೋನ್ ಮಾಡಿ ಅತ್ತರು, ಅತ್ತೆಯನ್ನ ಸುಡಬಾರದು, ಮಣ್ಣು ಸಿಗುತ್ತಾ ಅಂತ. ಅಪ್ಪ ತನ್ನ ಜಾಗವನ್ನ ನಿಮ್ಮ ತಾಯಿಗೆ ಕೊಟ್ಟರು...'

...ಹೂಂ. ಒಳ್ಳೇ ಮನುಷ್ಯ. ಒಳ್ಳೇ ಮನುಷ್ಯ ಲೆವಿನ್. ನನಗೆ ಗೊತ್ತಿರಲಿಲ್ಲ ಇದೆಲ್ಲ.

ಓದ್ತಿದೀನಿ, ಓದ್ತಿದೀನಿ! ಬೆರಳು ತೋರಿಸ್ಬೇಡ. 'ನೆಲ ಹೆಪ್ಪುಗಟ್ಟಿತ್ತು, ಮೆಷಿನ್ ತಂದು ಅಗೆಸಿದರು. ನಿಮ್ಮ ಬಳಗದ ಒಬ್ಬರು ಫೋನಲ್ಲಿ ಒಪ್ಪಿಕೊಂಡಿದ್ದರಂತೆ, ಗುರುವಾರ ಎರಡು ಗಂಟೆಗೆ ಕರೆತರುತ್ತೇವೆ ಅಂತ. ಅಪ್ಪ ಎರಡರಿಂದ ಕತ್ತಲಾಗುವವರೆಗೂ ನಿಂತಿದ್ದರು. ಆಗ ಅವರಿಗೆ ಎಂಬತ್ತೊಂದು. ಯಾರೂ ಬರಲಿಲ್ಲ. ಫೋನೂ ಎತ್ತಲಿಲ್ಲ. ನಮ್ಮಲ್ಲಿ ತೋಡಿದ ಗುಂಡಿಯನ್ನ ರಾತ್ರಿಗೆ ಬರಿದಾಗಿ ಬಿಡುವುದಿಲ್ಲ. ಅಪ್ಪ ನಮ್ಮ ಪ್ರಾರ್ಥನಾ ಮಂದಿರದ ಉಗ್ರಾಣದಿಂದ ಹರಿದುಹೋದ ಪ್ರಾರ್ಥನೆ ಪುಸ್ತಕಗಳ ಎರಡು ಪೆಟ್ಟಿಗೆ ತರಿಸಿದರು. ದೇವರ ಹೆಸರಿರುವ ಪುಸ್ತಕ ಹಳೆಯದಾದರೆ ನಾವು ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ. ಅವನ್ನೇ ನಿಮ್ಮ ತಾಯಿಯ ಜಾಗದಲ್ಲಿ ಇಟ್ಟು ಮುಚ್ಚಿದರು. ನಿಮ್ಮ ತಾಯಿ ಅವರಿಗೆ ಬೇಲಿ ಮೇಲಿಂದ ರೊಟ್ಟಿ ಕೊಡುತ್ತಿದ್ದರಂತೆ, ಹೆಸರು ಮಾತ್ರ ಕೇಳಿಕೊಂಡಿರಲಿಲ್ಲ. ಹಾಗಾಗಿ ಒಂದೇ ಪದ ಕೆತ್ತಿಸಿದರು. ಮನೆ ಅಂತ. ಪುಸ್ತಕಗಳನ್ನ ಎಬ್ಬಿಸಬೇಡ, ನನ್ನನ್ನ ಬೇರೆ ಕಡೆ ಹಾಕು ಅಂತ ನನಗೆ ಹೇಳಿಹೋದರು...'

ತಗೋ. ತಗೋ ನಿನ್ನ ಫೋನು.

ಅಲ್ಲ, ಎಂಥ ಜನ ನೋಡು! ಹಳೇ ಪುಸ್ತಕಕ್ಕೆ ಗೋರಿ! ...ಸುಮ್ನೆ ಅಂದೆ. ಆದ್ರೂ, ಎರಡು ಪೆಟ್ಟಿಗೆ ರದ್ದಿ ಪೇಪರ್ ಹೂತಿಟ್ಟು, ಹೆಂಡ್ತಿ ಪಕ್ಕದ ಜಾಗ ಬಿಟ್ಕೊಟ್ಟ ಅಂದ್ರೆ... ಅದು ದಯೆನೋ ಅರಳುಮರಳೋ ನಾನು ಹೇಳಲಾರೆ.

ಯಾಕೆ ಹಾಗೆ ನೋಡ್ತೀಯ? 'ಬಳಗದ ಒಬ್ಬರು' ಅಂತಿದೆ. ನಾನು ಅಂತ ಎಲ್ಲಿದೆ? ಬಳಗದಲ್ಲಿ ನಾನೊಬ್ಬನೇ ಇದ್ನಾ? ಸೌರಭ್ ಇದ್ದ. ಆಗ ಹೆಲ್ಪ್‌ಲೈನ್ ಫೋನು ಅವನ ಹತ್ರಾನೇ ಇರ್ತಿತ್ತು. ಅವನೇ ಒಪ್ಕೊಂಡು ನನಗೆ ಹೇಳಿಲ್ಲ, ಅಷ್ಟೇ! ಬೇಜವಾಬ್ದಾರಿ ಮುಂಡೇದು. ಈಗ ದೂರದ ಕಮ್ಮಿಂಗ್ ಊರಲ್ಲಿ ಐದು ಬೆಡ್‌ರೂಮಿನ ಮನೆ ಕಟ್ಕೊಂಡು ಕೂತಿದ್ದಾನೆ. ಫೋನ್ ಮಾಡ್ತೀಯಾ ಅವನಿಗೆ? ಮಾಡು. ಬೇಕಾದ್ರೆ ಈಗ್ಲೇ ಮಾಡು.

...ಮಾಡಿದ್ಯಾ? ಆಗಲೇ?

ಏನಂದ? ...ಹೇಳಲ್ವಾ? ಸರಿ ಹೇಳ್ಬೇಡ. ಅವನೇನು ಸತ್ಯಸಂಧನಾ! ಕಾತ್ಯಾಯಿನಿ, ನೀನೇ ಹೇಳೇ. ಅವತ್ತು ಆ ಮುದುಕನ ಫೋನು ನನಗೆ ಬಂದಿತ್ತಾ? ಎಲ್ಲಾ ಕಿವಿಗೆ ಬೀಳುತ್ತಲ್ಲ ನಿನಗೆ... ಎಲ್ಲಿಗೆ ಹೊರಟೆ? ಏಯ್! ಒಲೆ ಮೇಲೆ ಏನೂ ಇಲ್ಲ, ನನಗ್ಗೊತ್ತು!

ಹೋದ್ಲು. ಇವಳೊಬ್ಬಳು.

ನೋಡು ಬಸವ, ಕೂತ್ಕೋ. ಕಾಫಿ ಕುಡಿ. ಒಪ್ಕೊಂಡೆ ಅಂತಾನೇ ಇಟ್ಕೋ. ಅದು ಒಪ್ಕೊಂಡಿದ್ದಲ್ಲ ಕಣೋ! ಅವನು ಹಲ್ಲಿಲ್ಲದ ಬಾಯಲ್ಲಿ ಒಂದೇ ಸಮ ಹೇಳ್ತಿದ್ದ, ಬೇಲಿ, ಪಟ್ಟಿ, ಎರಡು ಗಂಟೆ ಅಂತ. ನಾನು ಶೂರ್ ಶೂರ್ ಅಂದೆ. ಶೂರ್ ಅನ್ನೋದು ನಮ್ಮ ಜನಕ್ಕೆ ನಮಸ್ಕಾರ ಇದ್ದ ಹಾಗೆ, ಅದಕ್ಕೇನು ಅರ್ಥ ಇದ್ಯಾ? ನೀನೂ ದಿನಕ್ಕೆ ಐವತ್ತು ಸಲ ಅಂತೀಯ. ಆ ಬಿಳಿ ಜನ ಅದನ್ನೇ ಕರಾರು ಪತ್ರ ಅಂದ್ಕೊಂಡು ಗುಂಡಿ ತೋಡ್ಸಿದ್ರೆ ನಾನೇನು ಮಾಡ್ಲಿ? ಆಮೇಲೆ ಎರಡು ಗಂಟೆಗೆ ಬಳಗದ ಸಂಕ್ರಾಂತಿ ಇತ್ತು, ಝೂಮಲ್ಲಿ ಎಳ್ಳುಬೆಲ್ಲ. ಸ್ನಾನ ಮಾಡಿ ಬಂದು ಕೂತಿದ್ದೆ, ಅಧ್ಯಕ್ಷ ನಾನು. ಫೋನ್ ಹೊಡ್ಕೋತಾನೇ ಇತ್ತು, ಮ್ಯೂಟ್ ಮಾಡಿದೆ. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡೋ ಹೊತ್ತಲ್ಲಿ ಗೋರಿ ವಿಷಯ ಆಡೋಕಾಗುತ್ತಾ?

ಆಗಲೇ ಸುಟ್ಟಾಗಿತ್ತಲ್ಲ ಹೇಗೂ. ಅವನು ಕಾದರೆಷ್ಟು, ಬಿಟ್ಟರೆಷ್ಟು.

...ಹೀಗೆ ಸುಮ್ನೆ ಕೂತ್ರೆ ನಾನು ಹೆದರ್ತೀನಿ ಅಂದ್ಕೊಂಡ್ಯಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ಅಲ್ಲ ನಾನು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ, ಅಲ್ವಾ? ನೀನು ಪೈಪ್ ಹಾಕ್ಕೊಂಡು ಮಲಗಿದ್ದಾಗ ಯಾರೋ ಬಂದಿದ್ದು? ನಿಮ್ಮ ಜಾತಿಯವರು ಬಂದ್ರಾ? ಆ ಕ್ಯಾರೊಲೈನಾದ ಏಪೆಕ್ಸ್ ಊರಿನ ಮಹಾಂತಪ್ಪ, ಭಾಷಣದಲ್ಲಿ ಶರಣು ಶರಣಾರ್ಥಿ ಅಂತ ನೆಲ ಮುಟ್ತಾನಲ್ಲ, ಅವನು ಬಂದ್ನಾ? ನಾಲ್ಕೂವರೆ ಗಂಟೆ ಡ್ರೈವ್, ಕೋವಿಡ್ ಭಯ, ಅಂದ. ಹೋದವನು ನಾನು. ಪ್ಲಾಸ್ಟಿಕ್ ಸೂಟ್ ಹಾಕ್ಕೊಂಡು, ಮನೆಗೆ ಬಂದು ಗ್ಯಾರೇಜಲ್ಲಿ ಬಟ್ಟೆ ಬಿಚ್ಚಿ, ಎರಡು ವಾರ ಈ ಬೇಸ್‌ಮೆಂಟಲ್ಲಿ ಒಬ್ಬನೇ ಮಲಗಿದವನು ನಾನು. ಇದೇ ಸೋಫಾ. ಬಾಗಿಲ ಹತ್ರ ತಟ್ಟೆ ಇಟ್ಟು ಹೋಗ್ತಿದ್ಲು ಅವಳು. ಇದನ್ನೂ ಬರ್ಕೋಬೇಕು ನೀನು. ಬರ್ಕೋತೀಯಾ?

ಇಲ್ಲ. ನಿನಗೆ ಬೇಕಾಗಿರೋದು ಒಂದೇ. ಗೊತ್ತಿತ್ತಾ, ಗೊತ್ತಿತ್ತಾ, ಗೊತ್ತಿತ್ತಾ.

ಗೊತ್ತಿರಲಿಲ್ಲ! ಮುದುಕ ಹೇಳಿದ್ದು ಅರ್ಥ ಆಗಲಿಲ್ಲ, ಮುಗೀತು. ಬೇರೆ ಯಾರೂ ನನಗೆ ಹೇಳಲಿಲ್ಲ. ನಿನ್ನ ಹೆಂಡ್ತಿ ಒಂದು ಸಲ ನನಗೆ ನೇರ ಹೇಳಿದ್ರೆ ನಾನು ಮಾಡ್ತಿರಲಿಲ್ವಾ? ಅವಳಿಗೆ ಹೇಳೋಕೆ ಬಂದ್ರೆ ತಾನೇ! ಒಂದು ಮೆಸೇಜ್ ಸರಿಯಾಗಿ ಇಡೋಕೆ ಬರಲ್ಲ. ಮೂರು ನಿಮಿಷ ಬರೀ ಅಳು. 'ಅಣ್ಣಾರ... ಅಣ್ಣಾರ, ನಮ್ಮ ಅತ್ತಿಯವ್ರನ್ನ ಸುಡಬ್ಯಾಡ್ರಿ ಅಣ್ಣಾರ, ಮಣ್ಣಿಗೆ ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನ್ರಿ...' ಅಂತ ರಾಗ! ಹಿಂದೆ ಯಾವುದೋ ಕೂಸು ಬೇರೆ ಕಿರುಚ್ತಿತ್ತು. ಅದನ್ನ ಎಷ್ಟು ಸಲ ಅಂತ ಕೇಳೋಕಾಗು...

...

ಅದು... ಆಮೇಲೆ ಕೇಳಿದ್ದು. ಸುಟ್ಟ ಮೇಲೆ. ಒಂದು ವಾರ ಆದ್ಮೇಲೆ ಇರ್ಬೇಕು.

ಹೀಗೆ ನೋಡ್ಬೇಡ ನನ್ನ.

ಬುಧವಾರ. ಆಯ್ತಾ? ಬುಧವಾರ ಸಾಯಂಕಾಲ ಕೇಳ್ದೆ. ನಾಲ್ಕು ಸಲ ಮಾಡಿದ್ಲು, ನಾಲ್ಕೂ ಕೇಳ್ದೆ. ಕೇಳಿ ಅಳಿಸ್ದೆ. ಸುಡೋ ಕಡೆ ಒಂಬತ್ತು ಗಂಟೆ ಸ್ಲಾಟ್ ಸಿಕ್ಕಿತ್ತು ಕಣೋ! ಅದು ತಪ್ಪಿದ್ರೆ ಮುಂದಿನದಕ್ಕೆ ಹನ್ನೊಂದು ದಿನ ಕಾಯ್ಬೇಕಿತ್ತು. ಬೇಡ ಅಂತ ಕ್ಯಾನ್ಸಲ್ ಮಾಡಿ, ಹೆಣ ಹೊರಿಸಿ, ಯಾರದೋ ಸ್ಮಶಾನದ ಬೇಲಿ ಪಕ್ಕ ಗುಂಡಿ ಒಳಗೆ... ನಾಳೆ ಜನ ಏನಂತಾರೆ? ಬಳಗದವರು ಒಂದು ಅಗ್ನಿ ಕೊಡಿಸಲಾರದೆ ಹೋದ್ರು ಅಂತಾರೆ! ಮೂವತ್ತೊಂದರಲ್ಲಿ ಮೂವತ್ತಕ್ಕೆ ಮಂತ್ರ ಹೇಳಿಸಿದವನು, ಒಂದನ್ನ ಹಾಗೆ ಬಿಡ್ಲಾ? ನಿಮ್ಮಮ್ಮಂಗೆ ಒಳ್ಳೇದೇ ಮಾಡಿದೆ. ಸದ್ಗತಿ ಕೊಡಿಸಿದೆ. ಕೂತ್ಕೊಂಡು ಮಣ್ಣಲ್ಲಿ ಕೊಳೆಯೋದಕ್ಕಿಂತ ವಾಸಿ ಅಂತ ಆಗಲೂ ಅನ್ನಿಸ್ತು, ಈಗಲೂ ಅನ್ನಿಸುತ್ತೆ. ಕೇಳಿಸ್ತಾ? ಸಮಾಧಾನ ಆಯ್ತಾ?

ಹೊಡಿ ಬೇಕಾದ್ರೆ. ಹೊಡಿಯೋ. ...ಅದೂ ಇಲ್ವಾ?

ಯಾಕೆ ಎದ್ದೆ? ಪೇಪರ್ ಯಾಕೆ ಇಲ್ಲೇ ಬಿಟ್ಟೆ? ಶನಿವಾರ ಏನು ಓದ್ತೀಯ? ಬಸವ... ಆರುನೂರು ಜನದ ಮುಂದೆ ಏನು ಹೇಳ್ತೀಯ? ಇದನ್ನ ಹೇಳ್ತೀಯಾ? ನಾನೇನು ಬೇಕು ಅಂತ ಮಾಡಿದ್ನಾ? ನಿನಗೆ ನೋವು ಕೊಡ್ಬೇಕು ಅಂತ ಮಾಡಿದ್ನಾ? ನಿನ್ನ ಯೋಚನೆಯೇ ನನಗಿರಲಿಲ್ಲ! ನಲವತ್ತೆಂಟು ಗಂಟೆ ಅಂದಿದ್ರು ಡಾಕ್ಟರು. ನಿನಗೆ. ಗುರುವಾರ ಒಂಬತ್ತಕ್ಕೆ ಅವಳದು, ಶನಿವಾರ ಒಂಬತ್ತಕ್ಕೆ ಇನ್ನೊಂದು, ಎರಡೂ ಸ್ಲಾಟ್ ನಾನೇ ಹಿಡಿದಿಟ್ಟಿದ್ದೆ...

...ಹೂಂ. ನಿನ್ನ ಹೆಸರಲ್ಲೇ.

ತಾಯಿ ಹೋದ್ಲು, ಮಗನೂ ಹೋಗ್ತಾನೆ. ಸೊಸೆ ಅಲ್ಲೇ ಉಳೀತಾಳೆ, ನೀನಿಲ್ಲದೆ ಅವಳಿಗೆ ಯಾವ ವೀಸಾ? ಸುಟ್ರೋ ಹೂತ್ರೋ ಅಂತ ಬಂದು ಕೇಳೋರು ಈ ದೇಶದಲ್ಲಿ ಯಾರಿರ್ತಾರೆ ಅಂತ... ಬಸವ, ಬಾಗಿಲ ಹತ್ರ ಹೋಗ್ಬೇಡ, ಇಲ್ಲಿ ನೋಡು, ನನ್ನ ಕಡೆ ನೋಡು. ಗೊತ್ತಿತ್ತು ಕಣೋ. ಅದೆಲ್ಲ ಗೊತ್ತಿತ್ತು. ನೀನು ಬದುಕ್ತೀಯ ಅಂತ ಗೊತ್ತಿರಲಿಲ್ಲ.